ಅಮ್ಮನ ಲಾಗಿನ್

ಚಿಕ್ಕಲಸಂದ್ರ
ಸೋಮವಾರ, ಸಂಜೆ ಏಳು ಗಂಟೆ

ಅಪ್ಪಾ,

ಎದುರಿಗೆ ಹೇಳಿದರೆ ಜಗಳವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಇವತ್ತಿನ ದಿನವೆಲ್ಲ ಅಂಗಡಿಯ ಕಂಪ್ಯೂಟರ್ ಮುಂದೆಯೇ ಹೋಯಿತು. ಪಕ್ಕದ ಬೀದಿಯ ಬೇಕರಿಯವರ ಆರ್ಡರ್‌ಗಳನ್ನೆಲ್ಲ ಹ್ಯಾಕರ್‌ಗಳು ಅಳಿಸಿದ ಮೇಲೆ, ನಮ್ಮದನ್ನೂ ಒಮ್ಮೆ ನೋಡಲಿ ಎಂದು ನಾನೇ ಕಂಪ್ಯೂಟರ್ ಭದ್ರತೆ ನೋಡುವ ಪ್ರಸನ್ನ ಅವರನ್ನು ಕರೆಸಿದ್ದೆ. ಪಾಸ್‌ವರ್ಡ್ ಬರೆದ ಚೀಟಿಯನ್ನು ಚಟ್ನಿಪುಡಿ ಡಬ್ಬದ ಮೇಲೆ ಅಂಟಿಸಬೇಡಿ ಎಂದು ಎಷ್ಟು ಸಲ ಹೇಳಲಿ? ಗಿರಾಕಿಗಳೂ ಓದುತ್ತಾರೆ.

ಆಮೇಲೆ ಪ್ರಸನ್ನ, "ಮೇಡಂ, ನಿಮ್ಮ ತಾಯಿ ತೀರಿಹೋಗಿ ಐದು ತಿಂಗಳಾಯ್ತು ಅಂದ್ರಿ. ಅವರ ಲಾಗಿನ್‌ನಲ್ಲಿ ದಿನಾ ಬೆಳಿಗ್ಗೆ ಆರಕ್ಕೆ ಯಾರೋ ಒಳಗೆ ಬರ್ತಿದಾರೆ," ಅಂದರು. ಮಧ್ಯಾಹ್ನದವರೆಗೆ ಕಳ್ಳನನ್ನು ಹುಡುಕಿದೆವು. ಕೊನೆಗೆ ನೀವು ಒಲೆಯ ಮುಂದಿನಿಂದಲೇ, "ನಾನೇ ಕಣಮ್ಮ. ತೆರೆದ ಕೂಡಲೇ ನಿಮ್ಮಮ್ಮನ ಹೆಸರು ಹಾಕಿ 'ನಮಸ್ಕಾರ ಮರಿಯಮ್ಮ' ಅಂತ ಬರುತ್ತಲ್ಲ, ಅದನ್ನ ನೋಡೋಕೆ," ಅಂದಿರಿ. ಮೊದಲೇ ಹೇಳಬಾರದಿತ್ತೇ?

ಎಲ್ಲರೆದುರು ನಾನು ರೇಗಿದ್ದು ತಪ್ಪು. ಆದರೂ ಆ ಲಾಗಿನ್ ಇಟ್ಟುಕೊಳ್ಳಲಾಗದು, ಗಿರಾಕಿಗಳ ವಿಳಾಸಗಳೆಲ್ಲ ಅದರಲ್ಲಿವೆ.

ನಾಳೆ ಹನ್ನೊಂದಕ್ಕೆ ಪ್ರಸನ್ನ ಬಂದು ಅದನ್ನು ಅಳಿಸುತ್ತಾರೆ. ಬೆಳಿಗ್ಗೆ ಆರಕ್ಕೆ ಅದು ಇನ್ನೂ ಇರುತ್ತದೆ.

ನಿಮ್ಮ ಮಗಳು,
ಚೈತ್ರ