ನೀನಿಲ್ಲದ ಪ್ರವಾಸದ ಬುಕ್ಕು

ನನ್ನವ್ವಾ,

ನೀನು ಕಾಯುತ್ತಿದ್ದ ಬುಕ್ಕು ಕೊನೆಗೂ ಸಿಕ್ಕಿತು. ಚಾಮರಾಜನಗರದ ಅಂಗಡಿಯಲ್ಲಿ ಕಣ್ಣಿಗೆ ಬಿದ್ದದ್ದೇ ತಡ, ಕೊಂಡುಕೊಂಡು ಗುಂಡ್ಲುಪೇಟೆ ಬಸ್ಸು ಹತ್ತಿದೆ. ತೆರಕಣಾಂಬಿ ಬರುವಷ್ಟರಲ್ಲಿ ನಮ್ಮೂರಿನ ಕಥೆ ಮುಗಿದೇ ಹೋಗಿತ್ತು. ಒಂದೇ ಒಂದು ಪುಟ ಕಣವ್ವ. ಅದರಲ್ಲಿ ನೀನಿಲ್ಲ.

ನೆನಪಿದೆಯಾ ಆ ಬೆಳಗ್ಗೆ? ಭೀಮನಬೀಡಿನ ನಮ್ಮ ಹೊಲವೆಲ್ಲ ಮಂಜಿನಲ್ಲಿ ಮುಳುಗಿತ್ತು. ಗೋಪಾಲಸ್ವಾಮಿ ಬೆಟ್ಟ ಇದೆಯೋ ಇಲ್ಲವೋ ಎನ್ನುವಂತಿತ್ತು. ಹಿಂದಿನ ದಿನ ತೂರಿದ ರಾಗಿಯನ್ನು ಕಣದ ನಡುವೆ ರಾಶಿ ಮಾಡಿ, ಪೂಜೆಗೆ ಹೂವಿಡುತ್ತಿದ್ದೆ ನೀನು. ಕ್ಯಾಮೆರಾ ನೇತುಹಾಕಿಕೊಂಡ ಒಬ್ಬ ಆಸಾಮಿ ಮಂಜಿನೊಳಗಿಂದ ಬಂದು, ಬೂಟುಗಾಲಲ್ಲೇ ಕಣಕ್ಕೆ ಕಾಲಿಟ್ಟ. ನೀನು ಬಿಡುತ್ತೀಯಾ?

"ಏ ಸಾಮಿ! ರಾಸಿ ಕಾಣಕ್ಕಿಲ್ವಾ ಕಣ್ಗೆ? ಮೆಟ್ಟ ಅಲ್ಲೇ ಬುಟ್ಬುಟ್ಟು ಬನ್ನಿ!"

ಅವನು ಬೆಚ್ಚಿಬಿದ್ದು, ಒಂಟಿಕಾಲಲ್ಲಿ ಕುಣಿಯುತ್ತ ಬೂಟು ಬಿಚ್ಚಿದ್ದು ನೆನೆದರೆ ಈಗಲೂ ನಗು ಬರುತ್ತದೆ. ಆಮೇಲೆ ಪಾಪ ಅನ್ನಿಸಿ, ಕೂರಿಸಿ, ರೊಟ್ಟಿ ಹುಚ್ಚೆಳ್ಳು ಚಟ್ನಿ ಕೊಟ್ಟವಳೂ ನೀನೇ. "ನಿಮ್ಮ ಬಗ್ಗೆ ನನ್ನ ಪುಸ್ತಕದಲ್ಲಿ ಬರೀತೀನಮ್ಮ" ಅಂತ ಹೇಳಿ ಕಾರು ಹತ್ತಿ ಹೋದ.

ಅವತ್ತಿನಿಂದ, ನಾನು ಹರದನಹಳ್ಳಿಯಿಂದ ತವರಿಗೆ ಬಂದಾಗಲೆಲ್ಲ ನಿನ್ನದು ಒಂದೇ ಪ್ರಶ್ನೆ: "ಬಂದದಾ ಅಮ್ಮಿ, ನನ್ ಬುಕ್ಕು?" ಆಸ್ಪತ್ರೆಗೆ ಹೊರಟ ದಿನವೂ ಅದನ್ನೇ ಕೇಳಿದ್ದೆ ನೀನು. ಅಲ್ಲಿಂದ ತಿರುಗಿ ಬರಲೇ ಇಲ್ಲ.

ಈಗ ಕೇಳು, ಏನು ಬರೆದಿದ್ದಾನೆ ಅಂತ. ಮಣ್ಣು ಅವನನ್ನು ಕರೆಯಿತಂತೆ. ಅದಕ್ಕೆ ತಾನಾಗಿಯೇ ಬೂಟು ಕಳಚಿದನಂತೆ! ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲವಂತೆ. ಹಾಗಾದರೆ ರೊಟ್ಟಿ ತಿನ್ನಿಸಿದ್ದು ಮಂಜೇ? ಹೊಟ್ಟೆ ಉರಿದುಹೋಯಿತು ಕಣವ್ವ, ಬಸ್ಸಿನಲ್ಲೇ ಅತ್ತುಬಿಟ್ಟೆ. ಉಳಿದ ಪುಟಗಳೂ ಅಷ್ಟೇ. ಊಟಿಗೆ ಹೋಗಲಿ, ಕೊಚ್ಚಿಗೆ ಹೋಗಲಿ, ಅವನಿಗೆ ಕಾಣುವುದು ಅವನೊಬ್ಬನೇ.

ಮನೆ ತಲುಪಿದರೆ ಅಪ್ಪ ಜಗಲಿಯ ಮೇಲೆ ಕೂತಿದ್ದ. ಅವನಿಗೂ ಓದು ಬಾರದು, ನಿನಗೆ ಗೊತ್ತಲ್ಲ. ಬುಕ್ಕು ನೋಡಿದ್ದೇ ಮುಖ ಅರಳಿತು. "ಓದಮ್ಮಿ, ನಿಮ್ಮವ್ವ ಎಲ್ಲವ್ಳೆ ನೋಡನ" ಅಂದ. ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಆ ಪುಟ ತೆರೆದಿಟ್ಟುಕೊಂಡು, ಅದರಲ್ಲಿಲ್ಲದ್ದನ್ನೆಲ್ಲ ಓದಿದೆ. ಮಂಜು, ರಾಶಿ, ನೀನು, ನಿನ್ನ ಬೈಗುಳ. ಅಪ್ಪ ಕಣ್ಣು ಮುಚ್ಚಿ ಕೇಳಿದ. ಆಮೇಲೆ, "ಅಲ್ಲಿಂದ ಮುಂದ್ಕೆ ಅವ್ನ ಕಾರ್ನಲ್ಲಿ ಅವ್ಳೂ ಒಂಟ್ಲಾ?" ಅಂತ ಕೇಳಿದ.

ನೀನು ನಂಜನಗೂಡು ದಾಟಿದವಳಲ್ಲ. ಆದರೂ ನನ್ನ ಬಾಯಿಂದ ಬಂದೇಬಿಟ್ಟಿತು: "ಹೂಂ ಅಪ್ಪಾ, ಒಂಟ್ಲು."

ಈಗ ಭಾನುವಾರ ಭಾನುವಾರ ಬಂದು, ಪುಟಪುಟಕ್ಕೂ ನಿನ್ನನ್ನು ಸೇರಿಸಿ ಓದುತ್ತಿದ್ದೇನೆ. ಬಂಡೀಪುರದ ಕಾಡಿನಲ್ಲಿ ಕಿಟಕಿಯಿಂದ ಕೈ ಹೊರಗೆ ಹಾಕಿದ್ದಕ್ಕೆ ಅಪ್ಪ ನಿನ್ನನ್ನು ಗದರಿಕೊಂಡ. ಊಟಿಯಲ್ಲಿ ನಿನಗೆ ಚಳಿ ಆಯಿತೇ ಅಂತ ಎರಡು ಸಲ ವಿಚಾರಿಸಿದ. ಬರುವ ವಾರ ನಿನಗೆ ಸಮುದ್ರ ತೋರಿಸುತ್ತೇನೆ, ಅವ್ವ. ಕಾರಿನಲ್ಲಿ ಸ್ವಲ್ಪ ಸರಿದು ಕೂತಿರು, ಅಪ್ಪನೂ ಹತ್ತುತ್ತಾನಂತೆ.