ಬಣ್ಣ ತೆಗೆಸಿದ ತಪ್ಪಿಗೆ

ನೀರಿನ ಶುದ್ಧತೆಗೆ ಮೊಹರು ಒತ್ತುವ ಕಚೇರಿಯ ಮಾನ್ಯ ಮುಖ್ಯಸ್ಥರೇ,

ನನ್ನ ಅರ್ಜಿಯನ್ನು ನೀವು ಮಂಜೂರು ಮಾಡಿದ್ದೇ ನನ್ನ ದೂರು. ಅರ್ಜಿ ತಿರಸ್ಕೃತವಾಯಿತೆಂದು ನಿಮ್ಮ ಮೆಟ್ಟಿಲು ಹತ್ತುವವರು ಎಷ್ಟೋ ಜನ. ಕೇಳಿದ್ದನ್ನು ಕೇಳಿದ ಹಾಗೆಯೇ ಕೊಟ್ಟುಬಿಟ್ಟಿರೆಂದು ಅಳುವವನು ಬಹುಶಃ ನಾನೊಬ್ಬನೇ.

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ತೊಟ್ಟಿಯ ಮುಂದೆ ನಿಂತವನು ನಾನು. ನಮ್ಮ ಕಸುಬಿನಲ್ಲಿ ‘ಬಣ್ಣ’ ಎಂದರೆ ಡಬ್ಬದಲ್ಲಿ ಬರುವ ಪುಡಿ. ‘ಎರಡು ಕಿಲೋ ಬಣ್ಣ ತೂಗು’ ಎನ್ನುತ್ತೇವೆ, ‘ಬಣ್ಣ ಮೂಗಿಗೆ ಹೋಯಿತು’ ಎಂದು ಸೀನುತ್ತೇವೆ. ಹಾಗಾಗಿ ಕಾರ್ಖಾನೆಯ ಕೊಳಚೆ ನಮ್ಮ ಬೀದಿಯ ಹಿಂದಿನ ಕಾಲುವೆಯಿಂದ ಬಾವಿಗಳಿಗೆ ಇಳಿಯತೊಡಗಿದಾಗ, ‘ದಯಮಾಡಿ ನೀರಿನಿಂದ ಬಣ್ಣ ತೆಗೆಸಿಕೊಡಿ’ ಎಂದು ಬರೆದೆ. ವಿಷ ಎಂದು ಬರೆಯಲಿಲ್ಲ. ಬಣ್ಣ ಎಂದರೆ ಅದೂ ಸೇರಿತು ಎಂದುಕೊಂಡೆ. ನಿಮ್ಮ ಕಚೇರಿಯಲ್ಲಿ ಬಣ್ಣ ಎಂದರೆ ಕಣ್ಣಿಗೆ ಕಾಣುವುದಷ್ಟೇ ಎಂದು ನನಗೇನು ಗೊತ್ತು?

ನೀವು ಆದೇಶ ಹೊರಡಿಸಿದಿರಿ. ಎರಡೇ ವಾರದಲ್ಲಿ ಕಾಲುವೆ ತಿಳಿಯಾಯಿತು. ಬೀದಿಯವರು ನನ್ನನ್ನು ಹೊತ್ತು ಮೆರೆಸುವುದೊಂದು ಬಾಕಿ. ಆಮೇಲೆ, ಕಾರ್ಖಾನೆಯ ಕೊಳಚೆ ತೊಟ್ಟಿ ನೋಡಿಕೊಳ್ಳುವ ಹಳೆಯ ಜೊತೆಗಾರ ಸಿಕ್ಕಿ, ತಲೆ ತಗ್ಗಿಸಿ ಹೇಳಿದ: “ಅಣ್ಣಾ, ಇದ್ದಿಲಿನಲ್ಲಿ ಸೋಸೋ ತೊಟ್ಟಿಗೆ ಖರ್ಚು ಜಾಸ್ತಿ ಅಂತ ಬೀಗ ಹಾಕಿದ್ದಾರೆ. ಸುಮ್ನೆ ಬ್ಲೀಚ್ ಸುರೀತೀವಿ. ಬಣ್ಣ ಹೋಗುತ್ತೆ. ಪುಡಿ ಎಲ್ಲಿಗೆ ಹೋಗುತ್ತೆ ಹೇಳು? ಒಡೆದು ಚೂರಾಗಿ ಅಲ್ಲೇ ಇರುತ್ತೆ, ಕಾಣಲ್ಲ ಅಷ್ಟೆ.” ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಶಾಲೆಯಲ್ಲಿ ಕಲಿತಿದ್ದೆ, ತಿಳಿಯಾದದ್ದೆಲ್ಲ ನೀರಲ್ಲ ಎಂದು ಕಲಿಯಲು ಇಷ್ಟು ವಯಸ್ಸಾಗಬೇಕಾಯಿತು.

ಎರಡನೆಯ ಅರ್ಜಿಗೆ ನಿಮ್ಮ ಪರೀಕ್ಷಕರು ಬಂದರು. ನಮ್ಮ ಅಡುಗೆಮನೆಯ ಕಿಟಕಿಯ ಬೆಳಕಿಗೆ ನೀರಿನ ಸೀಸೆ ಹಿಡಿದು, “ಕನ್ನಡಿ ಇದ್ದ ಹಾಗಿದೆಯಲ್ಲ ಯಜಮಾನ್ರೇ, ಇನ್ನೇನು ಬೇಕು ನಿಮಗೆ?” ಎಂದರು. ಬಾವಿಯ ನೀರನ್ನೇ ಒಂದು ಲೋಟ ತುಂಬಿ ಮುಂದಿಟ್ಟೆ. “ಬೇಡ ಬೇಡ, ಮನೆಯಿಂದ ತಂದಿದ್ದೀನಿ” ಎಂದು ಚೀಲದಿಂದ ಬಾಟಲಿ ತೆಗೆದರು. ಅವರ ವರದಿ ನನ್ನ ಬಳಿ ಇದೆ: ‘ಬಣ್ಣ ಇಲ್ಲ. ದೂರು ಇತ್ಯರ್ಥವಾಗಿದೆ.’ ಆ ಬಾಟಲಿಯ ಬಗ್ಗೆ ವರದಿಯಲ್ಲಿ ಒಂದಕ್ಷರವೂ ಇಲ್ಲವೇಕೆ ಸ್ವಾಮೀ? ಈಗ ನಾನು ಮನೆ ಮನೆಗೆ ಹೋಗಿ ಕುಡಿಯಬೇಡಿ ಎಂದರೆ, “ಕೊಳೆ ಇದ್ದಾಗಲೂ ಗೋಳು, ಹೋದ್ಮೇಲೂ ಗೋಳು, ಅರಳುಮರಳು ನಿಮಗೆ” ಎಂದು ನಗುತ್ತಾರೆ. ಅವರ ಕೈಯಲ್ಲಿ ನಿಮ್ಮ ಮೊಹರಿದೆ, ನನ್ನ ಬಾಯಲ್ಲಿ ಬರೀ ಮಾತು.

ನನ್ನ ಅಕ್ಕನ ವಿಷಯ ನಿಮಗೆ ಹೇಳಲೇಬೇಕು. ನೀರಿಗೆ ಬಣ್ಣವಿದ್ದ ಕಾಲದಲ್ಲಿ ಬೆಳಗ್ಗೆ ಮೊದಲ ಕೊಡ ಸೇದಿ ನೋಡಿ, “ಇವತ್ತು ನೇರಳೆ ಬಂದಿದೆ, ಯಾರೂ ಮುಟ್ಬೇಡ್ರೋ” ಎಂದು ಬೀದಿಗೆಲ್ಲ ಕೂಗುತ್ತಿದ್ದವಳು ಅವಳೇ. ಅಂಥ ದಿನ ದೂರದ ನಲ್ಲಿಯಿಂದ ನೀರು ಹೊರುತ್ತಿದ್ದೆವು. ಬೆನ್ನು ಮುರಿಯುತ್ತಿತ್ತು, ಹೊಟ್ಟೆ ಉಳಿಯುತ್ತಿತ್ತು. ಈಗ ಕೂಗಲು ಏನೂ ಕಾಣುವುದಿಲ್ಲ. ಎಂಟು ತಿಂಗಳಿಂದ ಅವಳಿಗೆ ಊಟ ಸೇರುತ್ತಿಲ್ಲ, ಮೂತ್ರದಲ್ಲಿ ರಕ್ತ. ಯಾವ ನೀರು ಕುಡಿಯುತ್ತೀರಿ ಎಂದು ಡಾಕ್ಟರು ಕೇಳಿದರೆ, “ಬಾವೀದೇ. ನನ್ನ ತಮ್ಮ ಸರ್ಕಾರದ ಹತ್ರ ಜಗಳ ಆಡಿ ತಿಳಿ ಮಾಡಿಸಿದ್ದು” ಎಂದು ಮುಖ ಅರಳಿಸಿ ಹೇಳುತ್ತಾಳೆ. ನಲ್ಲಿಯ ನೀರು ತಂದಿಟ್ಟರೆ ಕೊಡವನ್ನು ಪಕ್ಕಕ್ಕೆ ಸರಿಸುತ್ತಾಳೆ. “ನೀನೇ ಮಾಡಿಸಿದ ನೀರನ್ನ ನಮ್ಮನೇಲೇ ಕುಡಿಯಲ್ಲ ಅಂದ್ರೆ ಜನ ನಿನ್ನ ಏನಂದ್ಕೋತಾರೋ?” ನನ್ನ ಮಾನ ಕಾಯಲು ಅವಳು ಆ ನೀರು ಕುಡಿಯುತ್ತಿದ್ದಾಳೆ. ನನಗೆ ಮೊದಲ ಸಿಟ್ಟು ನನ್ನ ಮೇಲೆ. ನಿಮ್ಮ ಮೇಲಿನದು ಅದರ ನಂತರ.

ಇದ್ದಿಲಿನ ತೊಟ್ಟಿಯ ಬೀಗ ತೆಗೆಸಿ ಎಂದು ಮೂರು ಸಲ ಕೇಳಿದೆ. ‘ಇತ್ಯರ್ಥವಾದ ದೂರನ್ನು ಮತ್ತೆ ತೆರೆಯಲಾಗದು’ ಎಂಬ ಉತ್ತರ ಮೂರು ಸಲ ಬಂತು. ಪುಡಿ ತೆಗೆಯುವುದು ನಿಮ್ಮಿಂದಾಗದು, ಒಪ್ಪಿದೆ. ಆದ್ದರಿಂದ ನಿಮ್ಮ ಕೈಲಾಗುವಷ್ಟನ್ನೇ ಕೇಳುತ್ತೇನೆ. ಆ ಆದೇಶ ರದ್ದು ಮಾಡಿ. ಬ್ಲೀಚ್ ನಿಲ್ಲಿಸಿ. ನೀರು ಕೆಂಪಾಗಲಿ, ನೀಲಿಯಾಗಲಿ, ಮಸಿಯಂತಾಗಲಿ. ಅಕ್ಕ ನನ್ನ ಮಾತು ಕೇಳುವುದಿಲ್ಲ. ಬಣ್ಣ ಕಂಡರೆ ಕೊಡ ಚೆಲ್ಲುತ್ತಾಳೆ.

ಇಂತಿ,
ಒಂದು ಪದ ತಪ್ಪಿ ಬರೆದು ಗೆದ್ದುಬಿಟ್ಟ
ನಿವೃತ್ತ ಬಣ್ಣದ ಕೆಲಸಗಾರ