ಹೊರಟವರನ್ನು ಕೇಳಬಾರದು

೨ ಫೆಬ್ರುವರಿ ೨೦೨೬, ಸೋಮವಾರ

ಬೆಟಗೇರಿಯಿಂದ ಆರೂಕಾಲರ ಬಸ್ಸು. ಮುಂಡರಗಿಯಲ್ಲಿ ಇಳಿದು ಟಂಟಂ ಆಟೊ. ಹೊಳೆ ಮುಟ್ಟಿದಾಗ ಒಂಬತ್ತು. ಇದು ಮೂರನೆಯ ವಾರ.

ದೋಣಿ ಸಹಕಾರ ಸಂಘಕ್ಕೆ ನಾನು ಆಡಳಿತಾಧಿಕಾರಿ. ಇಲ್ಲಿ ಯಾರೂ ಸಂಘ ಅನ್ನುವುದಿಲ್ಲ, ‘ಕಂಪನಿ’ ಅನ್ನುತ್ತಾರೆ. ಎರಡು ಮೋಟಾರು ದೋಣಿ, ಒಂಬತ್ತು ಜನ ಅಂಬಿಗರು, ಒಂದು ತಗಡಿನ ಆಫೀಸು. ಮೂರು ವರ್ಷದಿಂದ ನಷ್ಟ. ಮಾರ್ಚ್ ಮಧ್ಯದೊಳಗೆ ಒಂದು ತಿಂಗಳಾದರೂ ತನ್ನ ಡೀಸೆಲ್ಲು, ಪಗಾರ ತಾನೇ ದುಡಿದು ತೋರಿಸಬೇಕು. ಇಲ್ಲವಾದರೆ ಮುಚ್ಚುವುದು. ದೋಣಿ ಹರಾಜು.

“ನೀವು ಇದರಾಗ ಪಳಗಿದವರು” ಅಂದಿದ್ದರು ಗದಗಿನ ಮೇಲಧಿಕಾರಿ. ನಿಜ. ಈವರೆಗೆ ಹನ್ನೊಂದು ಸಂಘ ಮುಚ್ಚಿದ್ದೇನೆ. ಹೆಸರು ನೆನಪಿಲ್ಲ. ಬೀಗಗಳ ತೂಕ ನೆನಪಿದೆ...

ಅಧ್ಯಕ್ಷೆ ಅಮೃತವ್ವ. ಅರವತ್ತು ದಾಟಿದೆ. ಇವತ್ತೂ ಅದೇ ಪ್ರಶ್ನೆ: “ಮುಚ್ಚಾಕ ಬಂದೀರೋ, ನಡಸಾಕ ಬಂದೀರೋ?”

“ನೋಡಾಕ.”

“ನೋಡೋರು ಭಾಳ ಮಂದಿ ಬಂದ ಹೋಗ್ಯಾರ್ರಿ ಸಾಹೇಬ್ರ. ಮೀನ ತಿಂದು ಹೋಗ್ಯಾರ.”

೪ ಫೆಬ್ರುವರಿ

ಇಡೀ ದಿನ ದೋಣಿಯಲ್ಲಿ ಕುಳಿತೆ. ನಡೆಸುವವನು ನೀಲಪ್ಪ, ಅಮೃತವ್ವನ ಮೈದುನ. ಬೆಳಿಗ್ಗೆ ಆಚೆ ದಂಡೆಯಿಂದ ನಾಲ್ಕು ಸಲ, ಕಾಲಿಡಲು ಜಾಗವಿಲ್ಲದಷ್ಟು ಜನ. ಯಾರಿಂದಲೂ ದುಡ್ಡು ತೆಗೆದುಕೊಳ್ಳಲಿಲ್ಲ. ಸಂಜೆ ಮರಳಿ ಹೋಗುವಾಗ ಏಳು ಜನ. ಅವರಿಂದ ಮಾತ್ರ ತೆಗೆದುಕೊಂಡ.

“ಮುಂಜಾನೆ ಯಾಕ ತಗೊಳ್ಳೂದಿಲ್ಲ?”

“ಹೊಂಟೋರನ್ನ ರೊಕ್ಕಾ ಕೇಳಬಾರದ್ರಿ. ಹೋದ ಕೆಲಸ ಆಗೂದಿಲ್ಲ. ಮನಿಗೆ ತಿರುಗಿ ಹೋಗುವಾಗ ಕೊಡತಾರ. ನಮ್ಮಪ್ಪನ ಕಾಲದಿಂದ ಹಂಗ.”

“ತಿರುಗಿ ಹೋಗೋರು ಎಲ್ಲದಾರ?”

ಗದ್ದದಿಂದ ದೂರದ ಸೇತುವೆ ತೋರಿಸಿದ. “ಸಂಜಿ ಬಸ್ಸಿಗೆ ಹೋಗತಾರ. ಹೆಣ್ಮಕ್ಕಳಿಗೆ ಬಸ್ಸು ಪುಕ್ಕಟೆ ಐತೆಲ್ಲರಿ. ಮುಂಜಾನೆ ಬಸ್ಸು ತಡಾ, ಅದಕ್ಕ ನಮ್ಮ ಕಡೆ ಬರತಾರ.”

“ಇದು ನಿಮಗ ಗೊತ್ತಿತ್ತು?”

“ಗೊತ್ತಿಲ್ಲದ ಏನ್ರಿ. ಇವತ್ತಲ್ಲ ನಾಳೆ ನಮ್ಮ ಕಡೆನ ತಿರುಗತಾರ ಬಿಡ್ರಿ. ಎಲ್ಲಿ ಹೋಗತಾರ.”

ಮೂರು ವರ್ಷ. ಅರ್ಧ ಪ್ರಯಾಣ ಪುಕ್ಕಟೆ ಮಾಡಿಸಿ, ಉಳಿದರ್ಧಕ್ಕೆ ಕಾಯುತ್ತ ಕುಳಿತಿದ್ದಾರೆ. ವರದಿಯಲ್ಲಿ ‘ಅವಿವೇಕ’ ಎಂದು ಬರೆಯಬೇಕು ಅಂದುಕೊಂಡೆ. ಪೆನ್ನು ತೆಗೆದು ಮತ್ತೆ ಕಿಸೆಗೆ ಹಾಕಿದೆ.

೬ ಫೆಬ್ರುವರಿ

ಆಚೆ ದಂಡೆಯಲ್ಲಿ ಬೋರ್ಡು ಹಾಕಿಸಿದೆ. ಹತ್ತುವ ಮೊದಲು ಟಿಕೆಟ್ಟು, ಹದಿನೈದು ರೂಪಾಯಿ. ನೀಲಪ್ಪ ತಾನು ಕೇಳುವುದಿಲ್ಲ ಅಂದ. ನಾನೇ ನಿಂತೆ.

ಕನ್ಯಾ ನೋಡಲು ಹೊರಟ ಒಂದು ಮನೆಯವರು ಬಂದರು. ಇಸ್ತ್ರಿಯ ಅಂಗಿ, ಹಣ್ಣಿನ ಚೀಲ, ನಡುವೆ ಬೆವರುತ್ತಿದ್ದ ವರ. ಟಿಕೆಟ್ ಅಂದೆ. ಹಿರಿಯ ಎಣಿಸಿ ಕೊಟ್ಟ. ಕೊಟ್ಟು ಹತ್ತಲಿಲ್ಲ. “ಇವತ್ತ ಬ್ಯಾಡ. ನಡ್ರಿ ಮನಿಗೆ.”

ಎಲ್ಲರೂ ತಿರುಗಿ ನಡೆದರು. ದುಡ್ಡು ವಾಪಸ್ ಕೇಳಲಿಲ್ಲ. ನನ್ನ ಕೈಯಿಂದ ಅದನ್ನು ಕಿತ್ತುಕೊಂಡು ನೀಲಪ್ಪ ಅವರ ಹಿಂದೆ ಓಡಿದ. ಆ ವಯಸ್ಸಿನಲ್ಲಿ, ಉಸುಕಿನಲ್ಲಿ. ಮರಳಿ ಬಂದು ಎಂಜಿನ್ ಹಗ್ಗ ಎಳೆದ. ನನ್ನ ಕಡೆ ನೋಡಲಿಲ್ಲ.

೧೧ ಫೆಬ್ರುವರಿ

ನಡುವೆ ಬರೆದಿಲ್ಲ. ಬರೆಯುವುದಕ್ಕೆ ಇತ್ತು.

ಬೋರ್ಡು ತೆಗೆಸಿದೆ. ನೀಲಪ್ಪ ಮಾತು ಬಿಟ್ಟಿದ್ದಾನೆ. ಚಹಾ ಮಾತ್ರ ತಪ್ಪದೆ ತಂದಿಡುತ್ತಾನೆ, ಸಕ್ಕರೆ ಒಂದು ಚಮಚ ಹೆಚ್ಚೇ ಹಾಕಿ. ಸಿಟ್ಟಿನಲ್ಲಿಯೂ ಮರೆತಿಲ್ಲ.

ಅಮೃತವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. “ಆ ಹುಡುಗಗ ಕನ್ಯಾ ಸಿಗತೈತಿ, ಹೆದರಬ್ಯಾಡ್ರಿ. ಈ ನೀಲಪ್ಪನ ಬಾಯಾಗಿಂದ ಮಾತ ಬರಾಕನ ತಡಾ ಆದೀತು.” ಮೊರ ಒಮ್ಮೆ ಕೇರಿ, ತಲೆ ಎತ್ತದೆ: “ಹೊಂಟೋರನ್ನ ಕೇಳಬಾರದು, ಖರೆ. ಈ ದಂಡಿಗೆ ಇಳದಮ್ಯಾಲ ಕೇಳ್ರಿ. ಹೊಳಿ ದಾಟಿ ಕಾಲ ಇಟ್ರು ಅಂದ್ರ ಮುಗೀತಲ್ಲ, ಬಂದ ಮುಟ್ಟಿದಂಗ.”

ಹೊರಗಿನಿಂದ ನೀಲಪ್ಪ: “ಕೇಳೋರು ಯಾರಬೇ?”

“ನಾ ಕುಂಡರತೀನಿ. ನೀ ಬಾಯಿ ಮುಚ್ಚಕೊಂಡ ಇಂಜಿನ್ ನೋಡು. ಹೆಂಗೂ ಐದ ದಿನದಿಂದ ರೂಢಿ ಆಗೈತಿ.”

ಅವನು ನಕ್ಕ. ನನಗೂ ನಗು ಬಂತು.

ನಾನು ಎರಡು ದಂಡೆಯನ್ನೂ ಒಂದೇ ಅಂದುಕೊಂಡಿದ್ದೆ. ಎಷ್ಟೋ ವಿಷಯದಲ್ಲಿ ಹಾಗೇ.

೧೪ ಫೆಬ್ರುವರಿ, ಶನಿವಾರ, ಬೆ. ೭.೨೦

ರಾತ್ರಿ ಇಲ್ಲಿಯೇ ಆಫೀಸಿನಲ್ಲಿ ಮಲಗಿದ್ದೆ. ಮೊದಲ ದೋಣಿ ಬಂತು. ಈ ದಂಡೆಯಲ್ಲಿ ಅಮೃತವ್ವ, ಮಣೆಯ ಮೇಲೆ, ಮುಂದೆ ಒಂದು ಬುಟ್ಟಿ. ಮೊದಲು ಇಳಿದವಳು ಸೊಪ್ಪು ಮಾರುವ ಬಸವಣ್ಣೆವ್ವ. ನಿಂತಳು.

“ಏನವಾ ಅಧ್ಯಕ್ಷರ, ಭಿಕ್ಷಾಕ ಕುಂತೀಯೇನ?”

“ಹೂಂ. ಹದಿನೈದು ರೂಪಾಯಿ ಹಾಕು.”

ಹಿಂದೆ ಹಲಗೆಯ ಮೇಲೆ ಜನ ಒತ್ತಿಕೊಂಡು ನಿಂತರು. ಬಸವಣ್ಣೆವ್ವ ಸೆರಗಿನ ಗಂಟು ಬಿಚ್ಚಿದಳು. ಮೂವತ್ತು ಹಾಕಿದಳು.

“ಇವತ್ತಿಂದು. ಮತ್ತ ಮೊನ್ನಿದು, ಬಸ್ಸಿಗೆ ಹೋಗಿದ್ನೆಲ್ಲ. ಕೇಳಿದ್ರ ಕೊಡತಿದ್ವೆಲ್ಲವಾ! ನೀವು ಕೇಳವಲ್ರಿ, ನಮಗ ನಿಮ್ಮ ಮುಖಾ ನೋಡಾಕ ನಾಚಿಕಿ.”

ನೀಲಪ್ಪ ಕಟ್ಟಿದ್ದ ಹಗ್ಗವನ್ನೇ ಬಿಚ್ಚಿ ಮತ್ತೆ ಕಟ್ಟಿದ.

೬ ಮಾರ್ಚ್

ಒಂದು ಎಂಜಿನ್ ಕೆಟ್ಟು ಮೂರು ದಿನ. ಸಾಮಾನು ಹುಬ್ಬಳ್ಳಿಯಿಂದ ಬರಬೇಕು. ತಿಂಗಳು ಮುಗಿಯಲು ಒಂದು ವಾರ. ಈ ದಿನಗಳು ಖಾಲಿ ಹೋದರೆ ಎಲ್ಲ ಹೋಯಿತು. ಒಂಬತ್ತೂ ಜನ ಪಾಳಿಯ ಮೇಲೆ ಹುಟ್ಟು ಹಾಕುತ್ತಿದ್ದಾರೆ. ಇವತ್ತು ನಾನೂ ಹಿಡಿದೆ. ಅಂಗೈ ಸುಲಿಯಿತು.

“ಬಿಡ್ರಿ ಸಾಹೇಬ್ರ,” ಅಂದ ನೀಲಪ್ಪ, “ದೋಣಿ ದಂಡಿ ಬಿಟ್ಟು ಲಕ್ಷ್ಮೇಶ್ವರಕ್ಕ ಹೊಂಟೈತಿ.”

೧೬ ಮಾರ್ಚ್, ಸೋಮವಾರ, ಸಂಜೆ ೫

ಶನಿವಾರ ತಿಂಗಳು ತುಂಬಿತು. ಅವತ್ತೇ ವರದಿ ಕಳಿಸಿದೆ. ಖರ್ಚು ಕಳೆದು ಉಳಿದದ್ದು ಅತ್ಯಲ್ಪ. ಆದರೂ ಉಳಿದಿತ್ತು. ಈಗ ಗದಗಿನಿಂದ ಫೋನು. ಮುಚ್ಚುವುದು ಬೇಡ, ಒಂದು ವರ್ಷ ನಡೆಯಲಿ. “ಏನ್ರಿ, ನೀವೂ ಒಂದು ಉಳಿಸಿದ್ರಿ!” — ನಕ್ಕರು.

ಅಮೃತವ್ವನಿಗೆ ಹೇಳಿದೆ. “ಚಹಾಕ್ಕ ಇಡತೀನಿ” ಎಂದು ಒಳಗೆ ಹೋದಳು. ಒಲೆ ಹೊತ್ತಿಸಿದ ಸಪ್ಪಳವಿಲ್ಲ. ಹೊರಗೂ ಬರಲಿಲ್ಲ.

ನೀಲಪ್ಪನಿಗೆ ಗೊತ್ತಿಲ್ಲ. ದೋಣಿ ನಡುಹೊಳೆಯಲ್ಲಿದೆ. ದಂಡೆಯ ಕಲ್ಲಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಇಂಥ ಸುದ್ದಿ ಹೇಳಿ ರೂಢಿಯಿಲ್ಲ. ಯಾವ ಮಾತಿನಿಂದ ಶುರು ಮಾಡಬೇಕು? ಎಂಜಿನ್ ಸದ್ದಿನಲ್ಲಿ ಕೂಗಿದರೂ ಕೇಳಿಸದು. ಸುಮ್ಮನೆ ಕೈ ಎತ್ತಿದೆ. ನೋಡಿದ. ಎಂಜಿನ್ ಬಂದ್ ಮಾಡಿದ.

ಹೊಳೆಯ ಮೇಲೆ ಈಗ ಸದ್ದೇ ಇಲ್ಲ. ದೋಣಿಯವರೆಲ್ಲ ಈ ಕಡೆ ತಿರುಗಿದ್ದಾರೆ. ಎದ್ದು ನಿಂತು ಹೇಳಬೇಕು —